ಗುಡ್ಡದ ಸಿನಿಮಾದಲ್ಲಿ ನಿನ್ನ ಜೋಗುಳ

ಪ್ರೀತಿಯ ಅವ್ವಾ,

ನೀನು ಹೋದ ಮೇಲೆ ನಿನಗೆ ಹೇಳಬೇಕೆನಿಸಿದ ಮಾತು ಎಷ್ಟೋ ಇದ್ದವು. ಹೆಚ್ಚಿನವನ್ನು ಅಡಿಗೆಮನೆಯಲ್ಲಿ ಒಬ್ಬಳೇ ನಿಂತು ಬಾಯಲ್ಲೇ ಹೇಳಿ ಮುಗಿಸಿದ್ದೇನೆ. ಇದೊಂದನ್ನು ಮಾತ್ರ ಕೂತು ಬರೆಯಬೇಕು ಅನಿಸಿತು. ಏಕೆಂದರೆ ಇದು ನಿನ್ನದೇ ಸುದ್ದಿ, ನಿನಗೇ ಗೊತ್ತಿರದ ಸುದ್ದಿ.

ನೆನಪಿದೆಯಾ, ನಾವು ಚಿಕ್ಕವರಿದ್ದಾಗ ಕೆಂಟನ್ನಿನ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಟಿವಿಯಲ್ಲಿ ಆ ಹಳೆಯ ಸಿನಿಮಾಗಳು ಬರುತ್ತಿದ್ದವು? ಎಲ್ಲದರಲ್ಲೂ ಹಿಂದೂಸ್ತಾನದ ಗಡಿ, ಒಂದು ಕೋಟೆ, ಒಂದು ಕಣಿವೆ. ಖಾಕಿ ತೊಟ್ಟ ಇಂಗ್ಲಿಷ್ ಸೈನಿಕರು ಕುದುರೆಯ ಮೇಲೆ ಬರುವುದು, ಬಂಡೆಗಳ ಹಿಂದಿನಿಂದ ಪೇಟದ ಜನ ಕಿರುಚುತ್ತ ಎದ್ದು ಗುಂಡು ತಿಂದು ಉರುಳುವುದು. ಅಪ್ಪ ಮೊದಲ ಗುಂಡು ಹಾರುವಷ್ಟರಲ್ಲಿ ಕುರ್ಚಿಯಲ್ಲೇ ನಿದ್ದೆ ಹೋಗಿರುತ್ತಿದ್ದರು. ನೀನು ಸ್ವೆಟರ್ ಹೆಣೆಯುತ್ತ, ಕಣ್ಣೆತ್ತಿ ನೋಡಿ, "ಅಂವ ನೋಡು, ಹೋದ ವಾರ ಸತ್ತಾಂವನ ಇವತ್ತೂ ಸಾಯ್ಲಿಕತ್ತಾನ" ಅನ್ನುತ್ತಿದ್ದೆ. ಆಮೇಲೆ, ನಾವು ಕೇಳಲಿ ಬಿಡಲಿ, "ಆ ಗುಡ್ಡ ಪ್ಲಾಸ್ಟರಿಂದು. ನಾ ಮುಟ್ಟಿ ನೋಡೇನಿ" ಎಂದು ನಿನ್ನ ಕಥೆ ಶುರು ಮಾಡುತ್ತಿದ್ದೆ.

ಆ ಕಥೆಯನ್ನು ನೀನು ಹೇಳುತ್ತಿದ್ದ ಹಾಗೆಯೇ ಬರೆಯಲು ನೋಡುತ್ತೇನೆ. ಧಾರವಾಡದಿಂದ ಈ ಇಂಗ್ಲಿಷರ ದೇಶಕ್ಕೆ ಬಂದು ನಿನಗೆ ಇನ್ನೂ ಒಂದು ಚಳಿಗಾಲ ಕಳೆದಿತ್ತಷ್ಟೇ. ಆನಂದಣ್ಣ ಕೈಗೂಸು. ಅಪ್ಪ ಕೆಲಸಕ್ಕಿದ್ದ ಆಸ್ಪತ್ರೆಯ ನರ್ಸ್ ಒಬ್ಬಳ ಗಂಡ ಸಿನಿಮಾ ಸ್ಟುಡಿಯೊದಲ್ಲಿ ಬಡಗಿ. ಅಲ್ಲಿ ಒಂದು ಗಡಿನಾಡಿನ ಸಿನಿಮಾ ನಡೆಯುತ್ತಿತ್ತು. ಸಂಸ್ಥಾನದ ರಾಜಕುಮಾರಿ ತನ್ನ ಕೂಸನ್ನು ಎತ್ತಿಕೊಂಡು ಗುಡ್ಡದಲ್ಲಿ ಅಡಗಿ ಕೂರುವ ದೃಶ್ಯ. ರಾಜಕುಮಾರಿಯಾಗಿ ಇಂಗ್ಲಿಷ್ ನಟಿಯೊಬ್ಬಳಿಗೆ ಕಂದು ಬಣ್ಣ ಬಳಿದಿದ್ದರು. ಕೂಸಿಗೆ ಬಣ್ಣ ಬಳಿಯಲು ಆಗುವುದಿಲ್ಲವಲ್ಲ, ಬಾಯಿಗೆ ಹೋಗುತ್ತದೆ. ಆದ್ದರಿಂದ ಅಸಲಿ ಕಂದು ಬಣ್ಣದ ಕೂಸು ಬೇಕಾಗಿತ್ತು. ನೀನು ಅಣ್ಣನನ್ನು ಶಾಲಿನಲ್ಲಿ ಸುತ್ತಿ, ಬಸ್ಸು ಬದಲಿಸಿ, ಕಾರ್ಖಾನೆಯಂಥ ಆ ದೊಡ್ಡ ಶೆಡ್ಡಿಗೆ ಹೋದೆ.

"ಏನ್ ವೇಷವಾ ಅದು" ಅನ್ನುತ್ತಿದ್ದೆ. "ತಲಿ ಮ್ಯಾಲ ಪಠಾಣರ ಟೋಪಿ, ಕೊರಳಾಗ ತಾಳಿ, ಕಾಲಾಗ ಮೊಘಲರ ಚಡಾವು. ನಾ ಆ ವೇಷದ ಹುಡುಗಿಗೆ ಹೇಳಿದೆ, ತಾಳಿ ನಮ್ಮ ಕಡೆದು, ಅಲ್ಲಿಯವರು ಕಟ್ಟಂಗಿಲ್ಲ ಅಂತ. ಅಕಿ ನಕ್ಕು, ಚಂದ ಕಾಣತದಲ್ಲ ಅಂದ್ಲು." ನಟಿ ಕೈಚಾಚಿ ಎತ್ತಿಕೊಂಡದ್ದೇ ತಡ, ಆ ಬಣ್ಣದ ವಾಸನೆಗೆ ಅಣ್ಣ ಹೋ ಎಂದು ಅಳಲು ಹಿಡಿದ. ಬಾಟಲಿ ಕೊಟ್ಟರು, ಗಿಲಕಿ ಆಡಿಸಿದರು, ನಿರ್ದೇಶಕ ತಾನೇ ಟೊಪ್ಪಿಗೆ ತೆಗೆದು ಕುಣಿಸಿದ. ಕಡೆಗೆ ನೀನು ಕ್ಯಾಮೆರಾದ ಹಿಂದೆ ನಿಂತು ಏನೋ ಹಾಡಿದೆ, ಅಂವ ಸುಮ್ಮನಾದ. "ಅಷ್ಟ. ಅವರ ಕೆಲಸ ಆತು. ನಮಗ ಚಹಾ ಕೊಟ್ರು." ನಿನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಸಿನಿಮಾ ಬಿಡುಗಡೆಯಾದಾಗ ಅಪ್ಪನ ಜೊತೆ ನೋಡಲು ಹೋದಿರಂತೆ. ಮೊದಲ ತೋಪು ಹಾರಿದ್ದಕ್ಕೇ ಅಣ್ಣ ಕಿರುಚಿ ರಂಪ ಮಾಡಿ ನಿಮ್ಮನ್ನು ಹೊರಗೆ ಎಬ್ಬಿಸಿದನಂತೆ. ಮತ್ತೆ ನೀನು ಆ ಕಡೆ ಹೋಗಲೇ ಇಲ್ಲ. ಹೆಸರು ಕೂಡ ಮರೆತೆ. ನಿನ್ನ ಬಾಯಲ್ಲಿ ಅದು ಯಾವತ್ತೂ 'ಗುಡ್ಡದ ಸಿನಿಮಾ'.

ನೀನು ಕಥೆ ಹೇಳಲು ಶುರು ಮಾಡಿದ ಕೂಡಲೇ ಅಣ್ಣ ಎದ್ದು ಮಹಡಿಗೆ ಹೋಗುತ್ತಿದ್ದುದು ನಿನಗೆ ನೆನಪಿರಬೇಕು. ಯಾಕೆ ಎಂದು ನೀನು ಕೇಳಿದ್ದೂ ಇದೆ, ಅವನು ಹೇಳಿದ್ದು ಮಾತ್ರ ಇಲ್ಲ. ಸೋಮವಾರ ಶಾಲೆಯ ಅಂಗಳದಲ್ಲಿ ಹುಡುಗರು ಭಾನುವಾರದ ಸಿನಿಮಾ ಆಡುತ್ತಿದ್ದರು. ಇಡೀ ತರಗತಿಯಲ್ಲಿ ಕಂದು ಬಣ್ಣದವನು ಅಣ್ಣ ಒಬ್ಬನೇ. ಯಾರೂ ಕೇಳುವ ಅಗತ್ಯವೇ ಇರಲಿಲ್ಲ, ಸಾಯುವ ಪಾತ್ರ ಅವನದೇ. ಅವನ ಮಂಡಿ ಕೆತ್ತಿರುವುದನ್ನು ಕಂಡು ನೀನು ಫುಟ್‌ಬಾಲ್ ಆಟವೆಂದುಕೊಂಡು ಅರಿಶಿನ ಹಚ್ಚುತ್ತಿದ್ದೆ. ಇದನ್ನು ಅವನು ನನಗೆ ಹೇಳಿದ್ದೇ ಇತ್ತೀಚೆಗೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಿನಗೆ ಪಾರ್ಶ್ವವಾಯು ಹೊಡೆದ ದಿನವನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಅದರ ನಂತರದ ವರ್ಷಗಳು... ಇಡೀ ಮನೆಯನ್ನು ಮಾತಿನಲ್ಲೇ ನಡೆಸುತ್ತಿದ್ದ ನಿನಗೆ ಮಾತು ಹೋಯಿತು. ನಮ್ಮ ಫೋನುಗಳಲ್ಲಿ ಇರುವ ನಿನ್ನ ವಿಡಿಯೊಗಳೆಲ್ಲ ಆ ಕಾಲದವು. ಅವುಗಳಲ್ಲಿ ನೀನು ನಗುತ್ತೀಯ, ಕೈಯಾಡಿಸುತ್ತೀಯ, ಮೊಮ್ಮಗಳು ಮೀರಾಳ ಗಲ್ಲ ಸವರುತ್ತೀಯ. ದನಿ ಇಲ್ಲ. ಅದಕ್ಕೂ ಹಿಂದಿನದು ಎಂದರೆ ನನ್ನ ಮದುವೆಯ ಕ್ಯಾಸೆಟ್ಟು, ಅದರಲ್ಲಿ ವಾಲಗದ ಅಬ್ಬರದಲ್ಲಿ ನಿನ್ನ ತುಟಿ ಅಲುಗುವುದಷ್ಟೇ ಕಾಣುತ್ತದೆ. ನೀನು ಹೋದ ಮೇಲೆ ಒಂದು ದಿನ ಪಾರ್ಕ್ ರಾಯಲ್‌ನಲ್ಲಿ, ನಾನು ಕೆಲಸ ಮಾಡುವ ತಿಂಡಿ ಫ್ಯಾಕ್ಟರಿಯ ಲ್ಯಾಬಿನಲ್ಲಿ ಸಮೋಸಾದ ಹಿಟ್ಟು ಪರೀಕ್ಷೆ ಮಾಡುತ್ತಿದ್ದೆ. ಇದ್ದಕ್ಕಿದ್ದಂತೆ, ನೀನು "ಸುಮೀ" ಎಂದು ಹೇಗೆ ಕರೆಯುತ್ತಿದ್ದೆ ಎಂದು ನೆನಪು ಮಾಡಿಕೊಳ್ಳಲು ನೋಡಿದೆ. ಬರಲಿಲ್ಲ ಅವ್ವಾ. ಮಾತು ನೆನಪಿತ್ತು, ದನಿ ಇರಲಿಲ್ಲ. ಕೈಗವಸು ಕಳಚಿ ಹೊರಗೆ ಹೋಗಿ ಕಾರಿನಲ್ಲಿ ಸ್ವಲ್ಪ ಹೊತ್ತು ಕೂತೆ.

ಈ ವರ್ಷ ವಸಂತದಲ್ಲಿ ಮೀರಾ ಹ್ಯಾರೋದಲ್ಲಿ ತಾನು ಕೆಲಸ ಮಾಡುವ ಸಿನಿಮಾ ಮಂದಿರದಿಂದ ಒಂದು ಕರಪತ್ರ ತಂದಳು. ನಿನ್ನ ಮೊಮ್ಮಗಳಿಗೆ ಈಗ ಅಲ್ಲಿ ಕಾರ್ಯಕ್ರಮ ಜೋಡಿಸುವ ಕೆಲಸ. ಆ ಕಾಲದ ಗಡಿನಾಡಿನ ಸಾಹಸ ಸಿನಿಮಾಗಳನ್ನು ತೋರಿಸಿ, ಅವುಗಳಲ್ಲಿ ಯಾರ ಪಾತ್ರವನ್ನು ಯಾರು ಮಾಡಿದರು, ಯಾರಿಗೆ ಬಾಯಿ ಇತ್ತು, ಯಾರಿಗೆ ಇರಲಿಲ್ಲ ಎಂದು ಚರ್ಚೆ ನಡೆಸುವ ಸರಣಿಯಂತೆ. ಕರಪತ್ರದ ಮೇಲೆ ಒಬ್ಬ ರಾಜಕುಮಾರಿಯ ಚಿತ್ರ. ತಲೆಗೆ ಪಠಾಣರ ಟೋಪಿ, ಕೊರಳಲ್ಲಿ ತಾಳಿ, ಕೈಯಲ್ಲಿ ಕೂಸು. ಮೀರಾ ಎಂದಿನಂತೆ ಇಂಗ್ಲಿಷಿನಲ್ಲೇ ಕೇಳಿದಳು, "ಅಮ್ಮಾ, ಇದು ಅಜ್ಜಿ ಹೇಳುತ್ತಿದ್ದ ಸಿನಿಮಾ ಅಲ್ಲವಾ? ಈ ಕೂಸು ಆನಂದ ಮಾಮಾ ಅಲ್ಲವಾ?"

ಅಣ್ಣನಿಗೆ ಫೋನ್ ಮಾಡಿದೆ. "ನಾ ಬರಂಗಿಲ್ಲ" ಅಂದ. "ಆ ಪಿಕ್ಚರ್‌ಗಳ ಕಾಲದಾಗ ಬೆಳದೇನಿ, ಸಾಕು. ಅವನ್ನ ಡಬ್ಬಿ ಸಮೇತ ಸುಡಬೇಕು. ನೀವು ಪಾಪ್‌ಕಾರ್ನ್ ತಿನ್ಕೋತ ನೋಡ್ರಿ."

ಶನಿವಾರ ಮಧ್ಯಾಹ್ನ ನಾನೂ ಮೀರಾಳೂ ಹೋದೆವು. ಅರ್ಧಕ್ಕಿಂತ ಹೆಚ್ಚು ತುಂಬಿತ್ತು. ಸಿನಿಮಾ ನೀನು ಹೇಳಿದ ಹಾಗೆಯೇ ಇತ್ತು. ಗುಡ್ಡ ನಿಜಕ್ಕೂ ಪ್ಲಾಸ್ಟರಿನದೇ, ಒಬ್ಬ ಸೈನಿಕ ಒರಗಿದಾಗ ಬಂಡೆ ಸ್ವಲ್ಪ ಅಲುಗಿತು. ಗುಡ್ಡದ ಸರದಾರ ಇಂಗ್ಲಿಷ್ ನಟ, ರಾಜಕುಮಾರಿ ಇಂಗ್ಲಿಷ್ ನಟಿ, ಸತ್ತು ಬೀಳುವವರು ಮಾತ್ರ ನಮ್ಮ ಮುಖದವರು. ಅವರೆಲ್ಲ ಯಾರು? ಓದಲು ಬಂದ ಹುಡುಗರಾ, ಹಡಗಿನಿಂದ ಇಳಿದವರಾ? ಯಾರ ಅಪ್ಪಂದಿರು, ಯಾರ ಮಾಮಂದಿರು? ಒಬ್ಬೊಬ್ಬರ ಮುಖ ಕಣ್ಣು ಮಿಟುಕಿಸುವಷ್ಟು ಹೊತ್ತು ಕಾಣಿಸುತ್ತದೆ, ಆಮೇಲೆ ಧೂಳು.

ಆ ದೃಶ್ಯ ಬಂತು. ರಾಜಕುಮಾರಿ ಗುಹೆಯಲ್ಲಿ ಕೂತಿದ್ದಾಳೆ. ಹೊರಗೆ ಗಾಯಗೊಂಡ ಇಂಗ್ಲಿಷ್ ಅಧಿಕಾರಿ. ಕೂಸಿನ ಅಳು ಕೇಳಿಸುತ್ತದೆ, ತಾರಕ ಸ್ವರದ ಅಳು. "ಮಾಮಾ" ಎಂದು ಮೀರಾ ನನ್ನ ಕೈ ಚಿವುಟಿದಳು. ರಾಜಕುಮಾರಿ ತಲೆ ಬಾಗಿಸಿದಳು, ಟೋಪಿಯ ನೆರಳಿನಲ್ಲಿ ಅವಳ ಬಾಯಿ ಸರಿಯಾಗಿ ಕಾಣುತ್ತಿರಲಿಲ್ಲ. ಆಗ ಹಾಡು ಶುರುವಾಯಿತು.

ಜೋ ಜೋ ಆನಂದ, ಅಳಬ್ಯಾಡ ನನ ಕಂದ,
ಬಣ್ಣದ ಬಾಯಾರಿಗೆ ಅಂಜಬ್ಯಾಡ.
ಮಾರಿ ತೊಳದ್ರ ಅಕಿನೂ ಬೆಳ್ಳಗ ಆಗ್ತಾಳ,
ಗುಡ್ಡ ಮಡಚಿಟ್ಟು ಎಲ್ಲಾರೂ ಮನಿಗೆ ಹೋಗ್ತಾರ.
ಸಂಜಿ ಬಸ್ಸಿಗೆ ನಾವೂ ಹೋಗೋಣ,
ಬಿಸಿ ಅನ್ನ ತುಪ್ಪ ಉಣ್ಣೋಣ.

ಅವ್ವಾ, ಅವರು ನಿನ್ನ ಹಾಡನ್ನು ಹಿಡಿದಿಟ್ಟುಕೊಂಡಿದ್ದರು. ನೀನು ಕ್ಯಾಮೆರಾದ ಹಿಂದೆ ನಿಂತು ಅಣ್ಣನನ್ನು ಸುಮ್ಮನಾಗಿಸುತ್ತಿದ್ದಾಗ ಅವರ ಧ್ವನಿಯಂತ್ರ ನಿಂತಿರಲಿಲ್ಲ. ಅದನ್ನು ಒಯ್ದು ಆ ನಟಿಯ ಬಾಯಿಗೆ ಇಟ್ಟಿದ್ದರು. ನಿನ್ನನ್ನು ಕೇಳಲಿಲ್ಲ, ಹೇಳಲೂ ಇಲ್ಲ. ಪರದೆಯ ಕೆಳಗೆ ಅಕ್ಷರಗಳು ಬಂದವು: 'ಬುಡಕಟ್ಟು ಹೆಂಗಸಿನ ಹಾಡು.' ನಾನು ಅದನ್ನು ಓದುತ್ತಿರಲಿಲ್ಲ. ನಿನ್ನ ದನಿ ಕೇಳುತ್ತಿದ್ದೆ. ಎಷ್ಟು ಎಳೆಯದಾಗಿತ್ತು... ಈಗಿನ ಮೀರಾಳಿಗಿಂತ ಚಿಕ್ಕ ಹುಡುಗಿಯ ದನಿ. ಆದರೂ 'ಅಂಜಬ್ಯಾಡ' ಎನ್ನುವಾಗ ಕೊನೆಯಲ್ಲಿ ಸ್ವಲ್ಪ ಎಳೆದು ಇಳಿಸುವುದು, ಅದು ನಿನ್ನದೇ. ನನಗೆ ಜ್ವರ ಬಂದಾಗ ಕೇಳಿದ್ದು ಅದನ್ನೇ. ಆ ದನಿ ನೆನಪಿಗೆ ಬರುತ್ತಿಲ್ಲವೆಂದು ಕಾರಿನಲ್ಲಿ ಕೂತು ಅತ್ತಿದ್ದೆನಲ್ಲ, ಅದು ಅಲ್ಲಿ, ಯಾವಳೋ ಬಣ್ಣ ಬಳಿದುಕೊಂಡವಳ ಎದೆಯ ಒಳಗಿಂದ ಬರುತ್ತಿತ್ತು.

ಸಿನಿಮಾ ಮುಗಿದ ಮೇಲೆ ಚರ್ಚೆ. ನಡೆಸಿಕೊಟ್ಟವಳು ಹೆಲೆನ್ ಎಂಬ ಅಧ್ಯಾಪಕಿ. ಮುಂದಿನ ಸಾಲಿನ ಹಿರಿಯರೊಬ್ಬರು, ಆ ಕಾಲವೇ ಹಾಗಿತ್ತು, ಸಿನಿಮಾವನ್ನು ಸಿನಿಮಾದ ಹಾಗೆ ನೋಡಬೇಕು ಎಂದರು. ಆಗ ಇಮ್ರಾನ್ ಎಂಬ ತರುಣ ಎದ್ದು ನಿಂತ. "ನನ್ನ ತಾತನ ಊರು ಇದೇ ಗುಡ್ಡಗಳದ್ದು" ಅಂದ. "ಈ ಸಿನಿಮಾದಲ್ಲಿ ನಮ್ಮವರು ಒಬ್ಬರೂ ಇಲ್ಲ. ನಮ್ಮ ಹೆಸರಿದೆ, ನಮ್ಮ ಬಟ್ಟೆ ಅರ್ಧ ಇದೆ, ನಮ್ಮ ಸಾವು ಬೇಕಾದಷ್ಟಿದೆ. ನಮ್ಮ ಒಂದು ಮಾತೂ ಇಲ್ಲ. ಆ ಹಾಡು ಕೂಡ ನಮ್ಮ ಪಶ್ತೋ ಅಲ್ಲ."

"ಅದು ಯಾವ ಭಾಷೆಯೂ ಅಲ್ಲ ಅನಿಸುತ್ತದೆ" ಎಂದಳು ಹೆಲೆನ್. "ಆಗ ಸ್ಟುಡಿಯೊಗಳಲ್ಲಿ ಬಾಯಿಗೆ ಬಂದ ಶಬ್ದ ಜೋಡಿಸುವುದಿತ್ತು. ಅರ್ಥವಿಲ್ಲದ್ದು."

ಸಭೆಯಲ್ಲಿ ಎದ್ದು ಮಾತಾಡುವವಳಲ್ಲ ನಾನು, ನಿನಗೆ ಗೊತ್ತು. ಕನ್ನಡ ಸಂಘದಲ್ಲಿ ವಂದನಾರ್ಪಣೆ ಮಾಡು ಎಂದರೂ ಶೌಚಾಲಯಕ್ಕೆ ಹೋಗಿ ನಿಲ್ಲುತ್ತಿದ್ದೆ. ಆದರೆ ಕಾಲು ತಾನೇ ಎದ್ದಿತ್ತು.

"ಅರ್ಥ ಇದೆ" ಎಂದೆ. "ಅದು ಕನ್ನಡ. ದಕ್ಷಿಣ ಭಾರತದ ಭಾಷೆ, ಆ ಗುಡ್ಡಗಳಿಂದ ಬಹಳ ದೂರ. ಹಾಡುತ್ತಿರುವವರು ನನ್ನ ತಾಯಿ. ಅಳುತ್ತಿರುವವನು ನನ್ನ ಅಣ್ಣ."

ಎಲ್ಲರೂ ತಿರುಗಿದರು. ಹೆಲೆನ್ ಕುರ್ಚಿಯಿಂದೆದ್ದು ವೇದಿಕೆಯ ಅಂಚಿಗೆ ಬಂದು ಕೂತು, "ಏನು ಹಾಡುತ್ತಿದ್ದಾರೆ, ಹೇಳುತ್ತೀರಾ?" ಎಂದು ಕೇಳಿದಳು. ಸಾಲು ಸಾಲಾಗಿ ಹೇಳಿದೆ. ಮುಖ ತೊಳೆದರೆ ಆಕೆಯೂ ಬೆಳ್ಳಗಾಗುತ್ತಾಳೆ ಎಂದದ್ದಕ್ಕೆ ಇಡೀ ಮಂದಿರ ನಕ್ಕಿತು. ಗುಡ್ಡ ಮಡಚಿಟ್ಟು ಮನೆಗೆ ಹೋಗುತ್ತಾರೆ ಎಂದಾಗ ಆ ಮುಂದಿನ ಸಾಲಿನ ಹಿರಿಯರೂ ನಕ್ಕರು. ಅನ್ನ, ತುಪ್ಪಕ್ಕೆ ಬರುವಷ್ಟರಲ್ಲಿ ನನಗೆ ಮಾತು ಮುಂದೆ ಹೋಗಲಿಲ್ಲ. ಮೀರಾ ಎದ್ದು ಆ ಸಾಲು ಮುಗಿಸಿದಳು. ಅವಳಿಗೆ ಅಷ್ಟು ಕನ್ನಡ ತಿಳಿಯುತ್ತದೆಂದು ನನಗೇ ಗೊತ್ತಿರಲಿಲ್ಲ.

ಇಮ್ರಾನ್ ಇನ್ನೂ ನಿಂತೇ ಇದ್ದ. "ಅಂದರೆ ನಿಮ್ಮ ತಾಯಿ ಆಗಲೇ ಹೇಳಿಬಿಟ್ಟಿದ್ದರು" ಎಂದ, ಮೆಲ್ಲಗೆ. "ಆ ಸಿನಿಮಾದ ಒಳಗೇ. ನಾವು ಈಗ ಕೂತು ಚರ್ಚೆ ಮಾಡುತ್ತಿದ್ದೇವೆ."

ಮನೆಗೆ ಬರುವಾಗ ಟ್ಯೂಬ್ ರೈಲಿನಲ್ಲಿ ಅದನ್ನೇ ಯೋಚಿಸಿದೆ. ನಿನ್ನ ದನಿ ಇದೆ ಎಂದು ಆ ಸಿನಿಮಾ ಒಳ್ಳೆಯದಾಗುತ್ತದೆಯೇ? ಆಗುವುದಿಲ್ಲ. ಅದನ್ನು ನೋಡಿ ಅಣ್ಣನಂಥ ಎಷ್ಟು ಹುಡುಗರು ಮಂಡಿ ಕೆತ್ತಿಕೊಂಡರೋ. ಆದರೆ ಸುಟ್ಟುಬಿಡಿ ಎನ್ನಲು ನನ್ನಿಂದ ಆದೀತೇ? ಅವರು ನಿನ್ನನ್ನು ಕದ್ದರು, ಹೌದು. ಕದ್ದದ್ದನ್ನು ಇಷ್ಟು ವರ್ಷ ಕಾಪಾಡಿಯೂ ಇಟ್ಟರು.

ಮರುದಿನ ಅಣ್ಣನ ಮನೆಗೆ ಹೋದೆ. ಅವನು ಅಡಿಗೆಮನೆಯಲ್ಲಿ ಚವಳಿಕಾಯಿ ಸೋಸುತ್ತಿದ್ದ. ನಿವೃತ್ತಿಯ ಮೇಲೆ ಡಾಕ್ಟರ್ ಸಾಹೇಬರದೇ ಅಡಿಗೆ, ನೀನು ನೋಡಿದ್ದರೆ ನಗುತ್ತಿದ್ದೆ. ಮೀರಾ ಕೇಳಿ ಪಡೆದಿದ್ದ ಆ ದೃಶ್ಯದ ತುಣುಕು ನನ್ನ ಫೋನಿನಲ್ಲಿತ್ತು.

"ನೋಡಂಗಿಲ್ಲ ಅಂದೆನಲ್ಲ, ಸುಮಿ."

"ನೋಡಬ್ಯಾಡ. ಕೇಳು."

"ಏನದ ಕೇಳ್ಲಿಕ್ಕೆ? ಬಂದೂಕಿನ ಸಪ್ಪಳ?" ಎಂದ. ಆಗಲೇ ಶಾಲೆಯ ಅಂಗಳದ ಆ ಮಾತು ಹೊರಗೆ ಬಂದದ್ದು. ಕಾಯಿ ಸೋಸುತ್ತಲೇ ಹೇಳಿದ, ತಲೆ ಎತ್ತಲಿಲ್ಲ. "ಸತ್ತ ಮ್ಯಾಲ ಏಳಲಿಕ್ಕೆ ಬಿಡ್ತಿದ್ದಿಲ್ಲ. ಬೆಲ್ ಹೊಡಿಯೂ ತನಕ ಬಿದ್ದಿರಬೇಕಾಗಿತ್ತು. ಅವ್ವಗ ಹೆಂಗ ಹೇಳ್ಲಿ? ಅಕಿಗೆ ಅದು ನಗಿ ಕಥಿ." ನಾನು ಫೋನಿನಲ್ಲಿ ತುಣುಕನ್ನು ಹಚ್ಚಿ, ಚಿತ್ರ ಕಾಣದ ಹಾಗೆ ಮೇಜಿನ ಮೇಲೆ ಬೋರಲು ಇಟ್ಟೆ.

ಮೊದಲು ಅಳು. ಆಮೇಲೆ ನೀನು. 'ಜೋ ಜೋ ಆನಂದ.'

ಅಣ್ಣನ ಕೈ ನಿಂತಿತು. ನಿನಗೆ ಮಾತು ಹೋದಾಗ ಸ್ಪೀಚ್ ಥೆರಪಿಯ ಹುಡುಗಿ, ಮಾತು ಬರದವರಿಗೆ ಕೆಲವೊಮ್ಮೆ ಹಾಡು ಬರುತ್ತದೆ, ಹಾಡಿಸಿ ನೋಡಿ ಎಂದಿದ್ದಳಲ್ಲ. ಹಾಡಲು ಬಾರದ ಅಣ್ಣ ದಿನಾ ಸಂಜೆ ನಿನ್ನ ಹಾಸಿಗೆಯ ಪಕ್ಕ ಕೂತು ಬಂದ ಬಂದ ಹಾಗೆ ಹಾಡುತ್ತಿದ್ದ. ನೀನು ಕಣ್ಣಲ್ಲೇ ನಗುತ್ತಿದ್ದೆ. ನೀನು ತಿರುಗಿ ಹಾಡಲಿ ಎಂದು ಅವನು ಎಷ್ಟು ಕಾದಿದ್ದ. ಈಗ ನೀನು ಅವನ ಹೆಸರು ಹಿಡಿದು ಹಾಡುತ್ತಿದ್ದೆ.

"ಮತ್ತೊಮ್ಮೆ ಹಾಕು" ಎಂದ. ಹಾಕಿದೆ. ಆಮೇಲೆ ತಾನೇ ಹಾಕಿಕೊಂಡ. ಕನ್ನಡಕ ತೆಗೆದು ಟೀ ಟವೆಲಿನಿಂದ ಒರೆಸಿದ. ಕನ್ನಡಕ ಏರಿಸಿಕೊಂಡು, "ಹಿಂಗ ಒದರಲಿಕತ್ತದಲ್ಲ, ಅದು ನಾನ?" ಎಂದು ಕೇಳಿದ.

"ನೀನ ಅಣ್ಣಾ."

"ಮತ್ತ ನೋಡು. ಆ ಇಡೀ ಪಿಕ್ಚರ್‌ನ್ಯಾಗ ವಿರೋಧ ಮಾಡಿದಾಂವ ನಾ ಒಬ್ಬನ."

ಇಬ್ಬರೂ ನಕ್ಕೆವು ಅವ್ವಾ. ನಗುತ್ತ ನಗುತ್ತ ಅವನು ಸಿಂಕಿನ ಕಡೆಗೆ ತಿರುಗಿ ನಿಂತ. ನಾನು ಉಳಿದ ಚವಳಿಕಾಯಿ ಸೋಸಿದೆ.

ಇಮ್ರಾನ್, ಹೆಲೆನ್, ಮೀರಾ ಮೂವರೂ ಸೇರಿ ಆ ಸಿನಿಮಾದ ಈಗಿನ ಹಕ್ಕುದಾರರ ಬೆನ್ನು ಹತ್ತಿದರು. ಮೊದಲು ಉತ್ತರವೇ ಇಲ್ಲ. ಆಮೇಲೆ, ಪುರಾವೆ ಏನು ಎಂದರು. ಪುರಾವೆ ಏನಿದೆ? ಕೂಸಿನ ಹೆಸರು ಹಾಡಿನಲ್ಲೇ ಇದೆ, ಆ ಹೆಸರಿನ ಮುದುಕ ಹ್ಯಾರೋದಲ್ಲಿ ಇದ್ದಾನೆ, ಬಂದು ಮಾತಾಡಿಸಿ ಎಂದಳು ನಿನ್ನ ಮೊಮ್ಮಗಳು. ಅಣ್ಣ ಟೈ ಕಟ್ಟಿಕೊಂಡು ಹೋಗಿ ಮಾತಾಡಿ ಬಂದ. ಕಡೆಗೆ ಒಪ್ಪಿದರು. ಕೆಳಗಿನ ಅಕ್ಷರ ಬದಲಾಯಿಸುತ್ತೇವೆ, 'ಬುಡಕಟ್ಟು' ತೆಗೆದು ಕನ್ನಡ ಎಂದು ಹಾಕಿ, ಹಾಡಿನ ಅರ್ಥವನ್ನೂ ಕೊಡುತ್ತೇವೆ, ಕೊನೆಯಲ್ಲಿ ಹೆಸರನ್ನೂ ಸೇರಿಸುತ್ತೇವೆ, ಯಾವ ಹೆಸರು ಬರೆಯಬೇಕು ಎಂದು ಕೇಳಿದರು.

ನಾನು ಸುಧಾ ಎಂದೇ ಹೇಳುವವಳಿದ್ದೆ. ಪಾಸ್‌ಪೋರ್ಟಿನಲ್ಲಿ, ಜಿಪಿ ಡಾಕ್ಟರರ ಬಳಿ, ಕೆಂಟನ್ನಿನ ಎಲ್ಲರ ಬಾಯಲ್ಲಿ ನೀನು ಸುಧಾ. ಅಣ್ಣ ತಡೆದ. "ಸುಧಾ ಅನ್ನೂದು ಮದುವಿ ದಿನ ಅಕ್ಕಿಯೊಳಗ ಬರದು ಕೊಟ್ಟ ಹೆಸರು" ಎಂದ. "ಅಜ್ಜ ಕಡಿತನಕ ಚಂಪಾ ಅಂತನ ಕರೀತಿದ್ದ. ಹಾಡು ಕಲತಾಕಿ ಚಂಪಾ. ಇಲ್ಲಿಗೆ ಬಂದು ಇಷ್ಟು ಮಂದಿ ಮುಂದ ಬಾಯಿ ತಗದು ಹಾಡಿದಾಕೀನೂ ಅಕಿನ. ಚಂಪಾ ಅಂತ ಹಾಕಸು." ನಿನ್ನನ್ನು ಆ ಹೆಸರಿನಿಂದ ಕರೆದವರು ಯಾರೂ ಈಗ ಉಳಿದಿಲ್ಲವಲ್ಲ, ಅವ್ವಾ. ಒಪ್ಪುತ್ತೀಯೋ ಇಲ್ಲವೋ ಎಂದು ಒಂದು ರಾತ್ರಿ ಯೋಚಿಸಿ, ಹಾಗೆಯೇ ಆಗಲಿ ಎಂದೆ.

ಹೋದ ಶನಿವಾರ ಆ ಹೊಸ ಪ್ರತಿಯನ್ನು ತೋರಿಸಿದರು. ಅಣ್ಣ ಬಂದಿದ್ದ. ಗುಂಡು ಹಾರಿದಾಗಲೆಲ್ಲ ತನ್ನ ಬೂಟು ನೋಡುತ್ತ ಕೂತಿದ್ದ. ನಿನ್ನ ಹಾಡಿಗೆ ತಲೆ ಎತ್ತಿದ. ಸಿನಿಮಾ ಮುಗಿದು ಹೆಸರುಗಳು ಮೇಲೇರಲು ಶುರುವಾದವು, ದೀಪ ಹತ್ತಿತು. ಎಲ್ಲ ಕಡೆಯ ಹಾಗೆ ಇಲ್ಲಿಯೂ ಜನ ಎದ್ದು ಕೋಟು ಹಾಕಿಕೊಳ್ಳತೊಡಗಿದರು. ನಟರು, ಕುದುರೆಯವರು, ದೀಪದವರು, ಬಣ್ಣ ಹಚ್ಚಿದವರು ಎಲ್ಲ ಹೋದರು. ಪರದೆ ಕಪ್ಪಾಯಿತು. ಆಗ ಬಿಳಿಯ ಅಕ್ಷರಗಳಲ್ಲಿ ಒಂದೇ ಒಂದು ಸಾಲು ಬಂತು: 'ಜೋಗುಳದ ಮಾತು ಮತ್ತು ದನಿ, ಚಂಪಾ, ಧಾರವಾಡ.'

ಅಣ್ಣನ ಪಕ್ಕದ ಕುರ್ಚಿಯ ಅಪರಿಚಿತರೊಬ್ಬರು ಆಗಲೇ ಬೆನ್ನು ತಿರುಗಿಸಿ ಹೊರಟಿದ್ದರು. ಅಣ್ಣ ಅವರ ತೋಳು ಹಿಡಿದು ನಿಲ್ಲಿಸಿದ.

"ಸ್ವಲ್ಪ ನಿಲ್ಲಿ" ಎಂದ. "ಇನ್ನೂ ಒಬ್ಬರ ಹೆಸರಿದೆ. ಓದಿ ಹೋಗಿ."

ಅವರು ನಿಂತು ಓದಿದರು ಅವ್ವಾ. ಗಟ್ಟಿಯಾಗಿಯೇ ಓದಿದರು.

ನಿನ್ನ,
ಸುಮಿ